ಹುಣಿಸೆಬೀಜದ ಅಣುಸ್ಥಾವರ

ನಾನು ಯಾವುದಕ್ಕೆ ಕೈಹಾಕಿದರೂ ಅದರಲ್ಲೊಂದು ಎಡವಟ್ಟು ತಾನಾಗಿ ಬಂದು ಕೂರುತ್ತದೆ. ಅರವತ್ತರ ದಶಕದಲ್ಲಿ ಶಿಡ್ಲಘಟ್ಟದ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರು, ಅದೂ ಹಂಗಾಮಿ. ಇನ್‌ಸ್ಪೆಕ್ಟರು ಬಂದು ಮೆಚ್ಚಿದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆಗೆ. ಅವರನ್ನು ಬೆರಗುಗೊಳಿಸಲು ಅಣುಸ್ಥಾವರದ ಒಳಗೆ ನ್ಯೂಟ್ರಾನು ಹುಟ್ಟಿ ಸಾಯುವ ಲೆಕ್ಕವನ್ನೇ ಆರಿಸಿಕೊಂಡೆ.

ಲೆಕ್ಕದ ಯಂತ್ರ ನಮ್ಮಲ್ಲೆಲ್ಲಿ? ನ್ಯೂಟ್ರಾನು ಎತ್ತ ಹೋಗುತ್ತದೆಂಬುದು ಹೇಗೂ ಅದೃಷ್ಟದ ಮಾತು. ಚೌಕಾಬಾರದ ಮನೆ ಬರೆದು ಕವಡೆ ಹಾಕಿದರಾಯಿತು ಅಂದುಕೊಂಡೆ. ಹುಣಿಸೆಬೀಜವೇ ನ್ಯೂಟ್ರಾನು. ಕುಂಕುಮವಿಟ್ಟ ಮನೆ ಯುರೇನಿಯಂ, ಅಲ್ಲಿಗೆ ಬಂದರೆ ಒಂದು ಬೀಜ ಎರಡಾಗುತ್ತದೆ. ಪುಸ್ತಕದ ಚಿತ್ರದಲ್ಲಿದ್ದಂತೆಯೇ, ಇಂಟು ಗುರುತಿನ ಮನೆ ನ್ಯೂಟ್ರಾನನ್ನು ನುಂಗುವ ಸರಳು, ಅಲ್ಲಿಗೆ ಬಂದದ್ದು ಸತ್ತಂತೆ. ಬೀಜ ಹೆಚ್ಚುತ್ತಲೇ ಹೋದರೆ ಸ್ಥಾವರ ಸಿಡಿಯಿತೆಂದು ಅರ್ಥ.

೧

ಮೊದಲ ಪ್ರಯೋಗ ಅಮ್ಮನ ಜೊತೆ. ಅಮ್ಮನ ಬೀಜ ಇಂಟು ಗುರುತಿನ ಮನೆಗೆ ಬಂತು.

"ಸತ್ತಿತು, ತೆಗಿಯಮ್ಮ" ಅಂದೆ.

"ಕಟ್ಟೇಲಿ ಕೂತಿರೋ ಕಾಯಿನ ತೆಗಿಯೋದಾ? ಯಾವೂರ ಆಟವಪ್ಪ ಇದು!"

ನಿಜವೇ. ಚೌಕಾಬಾರದಲ್ಲಿ ಇಂಟು ಗುರುತಿನ ಮನೆಯೇ ಕಟ್ಟೆ, ಅಲ್ಲಿ ಕೂತ ಕಾಯಿಯನ್ನು ಯಾರೂ ಮುಟ್ಟುವಂತಿಲ್ಲ. ಸರಳು ನುಂಗುತ್ತದೆಂದು ಎಷ್ಟು ಹೇಳಿದರೂ ಅಮ್ಮ ಒಪ್ಪಲಿಲ್ಲ. ಅರ್ಧ ಗಂಟೆಯಲ್ಲಿ ಸ್ಥಾವರ ಸಿಡಿಯಿತು. ಪುಸ್ತಕದಲ್ಲಿದ್ದ ಗುರುತನ್ನು ಬದಲಿಸಲು ನನ್ನ ಜಂಬವೂ ಒಪ್ಪಲಿಲ್ಲ.

"ಬಿ.ಎಸ್ಸಿ. ಓದಿಸಿದ್ದು ದಂಡ. ಚೌಕಾಬಾರನೂ ಬರಲ್ಲ" ಅಂದರು ಅಮ್ಮ.

೨

ಶಾಲೆಯಲ್ಲಿ ನಾನೂ ಡ್ರಾಯಿಂಗ್ ಮೇಷ್ಟ್ರೂ ನೆಲದಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದಾಗ ಹೆಡ್‌ಮಾಸ್ಟರು ಒಳಗೆ ಬಂದರು.

"ಶಾಲೇಲಿ ಜೂಜಾಡ್ತೀರೇನ್ರೀ?"

"ಇಲ್ಲ ಸಾರ್, ಯುರೇನಿಯಂ ಒಡೀತಿದೀವಿ."

"ಹೊರಗೆ ಹೋಗಿ ಒಡೀರಿ! ನಿನ್ನೆ ತಾನೆ ಗೋಡೆಗೆ ಸುಣ್ಣ ಹೊಡೆಸಿದೀನಿ."

೩

ತಪಾಸಣೆಯ ದಿನ ಬಂತು. ಚಿಂತಾಮಣಿ ಕಡೆಯ ಇನ್‌ಸ್ಪೆಕ್ಟರು ಕವಡೆ ಕಂಡದ್ದೇ ತಡ, ಕೋಟು ಬಿಚ್ಚಿ ಚಕ್ಕಂಬಕ್ಕಳ ಹಾಕಿ ಕೂತರು. ಮೂರನೇ ಸಲಕ್ಕೇ ಅವರ ಬೀಜ ಇಂಟು ಗುರುತಿನ ಮನೆಗೆ ಬಂತು. ಅದನ್ನು ತೆಗೆಯಲು ನಾನು ಕೈ ಚಾಚಿದೆ.

"ಏಯ್! ಕಟ್ಟೇಲಿದೆ ಕಣಯ್ಯಾ! ಚಂಪಕೂಡದು!" ಕೊಲ್ಲಕೂಡದು ಅನ್ನುವ ಆವೇಶದಲ್ಲಿ ಅವರು ತೆಲುಗಿಗೇ ಹೋಗಿಬಿಟ್ಟರು.

ಹೆಡ್‌ಮಾಸ್ಟರು ನನ್ನ ಕಿವಿಯಲ್ಲಿ, "ನಿಮಗೆ ಕೆಲಸ ಬೇಕೋ, ಸರಳು ಬೇಕೋ?" ಅಂದರು. ನಾನು ಕೈ ಹಿಂತೆಗೆದೆ.

ಆಮೇಲೆ ಒಂದು ನ್ಯೂಟ್ರಾನೂ ಸಾಯಲಿಲ್ಲ. ಬೀಜ ಸಾಲದೆ ಜವಾನ ಎದುರಿನ ಹೋಟೆಲಿಗೆ ಎರಡು ಸಲ ಓಡಿದ. ಕೊನೆಗೆ ಮನೆಗಳೇ ಕಾಣದಂತೆ ಬೀಜ ತುಂಬಿತು.

"ಗೆದ್ದೆ!" ಇನ್‌ಸ್ಪೆಕ್ಟರು ಮೇಲೆದ್ದು ಪಂಚೆ ಕೊಡವಿಕೊಂಡರು. "ಈಗ ಇದರ ಅರ್ಥ ಏನು ಮೇಷ್ಟ್ರೇ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಸ್ಥಾವರ ಸಿಡೀತು ಸಾರ್. ಇಲ್ಲಿಂದ ಮೇಲೂರಿನ ತನಕ ಏನೂ ಉಳಿದಿಲ್ಲ."

ಅವರ ಮುಖ ಗಂಭೀರವಾಯಿತು. ನನ್ನ ಕೆಲಸ ಹೋಯಿತು ಅಂದುಕೊಂಡೆ.

"ಮೇಲೂರೂ ಹೋಯ್ತಾ?"

"ಹೋಯ್ತು ಸಾರ್."

"ಅದು ನಮ್ಮ ಮಾವನೋರ ಊರು" ಎಂದವರೇ ಪೆನ್ನು ತೆಗೆದು, ನಗುನಗುತ್ತಾ ನನ್ನ ಕೆಲಸ ಖಾಯಂ ಮಾಡಲು ಬರೆದುಕೊಟ್ಟರು.