ನನ್ನ ಬಿಳಿ ರಕ್ತಕಣಗಳ ಸಾಕ್ಷ್ಯ

ನನಗೆ ವಿಪರೀತ ಮಾನಸಿಕ ಒತ್ತಡವಿದೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಬೇಕಾಗಿದ್ದದ್ದು ಪುರಾವೆ ಮಾತ್ರ.

ನಿವೃತ್ತಿಯ ಮೇಲೆ ಕಲಬುರಗಿಯ ಶಹಾಬಜಾರದ ಓಣಿ ಬಿಟ್ಟು, ನಮ್ಮೂರು ಕಮಲಾಪುರದಲ್ಲಿ ಅಪ್ಪನ ಕಾಲದ ಖಾಲಿ ಜಾಗದಲ್ಲಿ ಮನೆ ಕಟ್ಟಿಸಬೇಕೆಂದು ನನ್ನ ಹಟ. ಕಲಬುರಗಿ ಬಿಡುವುದಿಲ್ಲವೆಂದು ಹೆಂಡತಿ ನೀಲಮ್ಮನ ಹಟ.

"ಈ ಶಹರದ ಗದ್ದಲದಾಗ ನನ್ನ ತಲಿ ಕೆಟ್ಟು ಹೋಗ್ಯಾದ," ಎನ್ನುತ್ತಿದ್ದೆ.

"ಅದು ಶಹರಕ್ಕ ಬರೂಕಿಂತ ಮೊದಲೇ ಕೆಟ್ಟಾದ ಬಿಡ್ರಿ. ನಾ ಲಗ್ನದ ದಿನಾನೇ ನೋಡೀನಿ."

ಇಂಥ ಹೊತ್ತಿನಲ್ಲಿ ಒದಗಿ ಬಂದವಳು ಅಕ್ಕನ ಮಗಳು, ಡಾಕ್ಟರ್ ಸುಜಾತಾ. ಮನಸ್ಸಿನ ಒತ್ತಡವನ್ನು ರಕ್ತದಲ್ಲಿ ಅಳೆಯುವುದೇ ಅವಳ ಸಂಶೋಧನೆ.

"ಒಂದು ಹನಿ ಸಾಕು ಮಾಮಾ. ಔಷಧ ಬೆರಸಿದ್ರ ಬಿಳಿ ರಕ್ತಕಣ ಮಿನುಗತಾವ, ಯಂತ್ರ ಆ ಬೆಳಕು ಅಳೀತದ. ಮನಸು ದಣಿದಿದ್ರ ಅವೂ ದಣಿದಿರ್ತಾವ, ಬೆಳಕು ಕಡಿಮಿ. ಆರಾಮಿದ್ರ ಜಾಸ್ತಿ."

ರೋಗದ ಮೇಲೆ ಕಾದಾಡುವ ನನ್ನದೇ ಸೈನಿಕರು ಹೆಂಡತಿಯ ವಿರುದ್ಧ ಸಾಕ್ಷಿ ನುಡಿಯುವವರಿದ್ದರು! ಕೂಡಲೇ ಒಪ್ಪಂದವಾಯಿತು: ಬೆಳಿಗ್ಗೆ ಕಮಲಾಪುರದಲ್ಲಿ ಒಂದು ಹನಿ, ಮಧ್ಯಾಹ್ನ ಕಲಬುರಗಿಯ ಕಾಳಿನ ಮಾರುಕಟ್ಟೆ ನೆಹರು ಗಂಜಿನಲ್ಲಿ ಒಂದು ಹನಿ. ಕಮಲಾಪುರದಲ್ಲಿ ಬೆಳಕು ಹೆಚ್ಚು ಬಂದರೆ ಮನೆ ಕಟ್ಟುವುದು, ಇಲ್ಲದಿದ್ದರೆ ಆ ಮಾತು ಮತ್ತೆ ಎತ್ತುವಂತಿಲ್ಲ. ನೀಲಮ್ಮ "ಆಗಲಿ" ಎಂದಳು. ಅಷ್ಟು ಬೇಗ!

ಮುಂದಿನದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆಂದು ಭಾಷೆ ಕೊಡಲಾರೆ. ನನ್ನ ನೆನಪು ಜಾಣ ದರ್ಜಿ. ಎಂಥ ಚಿಂದಿಯನ್ನೂ ನನ್ನ ಅಳತೆಗೆ ಹೊಲಿದುಕೊಡುತ್ತದೆ. ನೀಲಮ್ಮನ ನೆನಪಿನಲ್ಲಿ ಇದೇ ಕಥೆ ಬೇರೆ.

ಕಮಲಾಪುರದಲ್ಲಿ ಅಕ್ಕನ ಮನೆಯ ಮುಂದೆ, ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಮಲಗಿದೆ. ಹನಿ ತೆಗೆಯುವ ಮುಂಚೆ ಅರ್ಧ ಗಂಟೆ ಅಲುಗಾಡಬಾರದು, ಮಾತಾಡಬಾರದು ಎಂಬುದು ನಿಯಮ. ಸುಜಾತಾ ಬದಿಯಲ್ಲಿ ಯಂತ್ರವಿಟ್ಟು ಗಡಿಯಾರ ನೋಡುತ್ತ ಕುಳಿತಳು. ತಂಗಾಳಿ ಬೀಸುತ್ತಿತ್ತು. (ಇಲ್ಲ, ಸೆಖೆ ಇತ್ತು ಎನ್ನುತ್ತಾಳೆ ನೀಲಮ್ಮ.)

ಐದನೆಯ ನಿಮಿಷಕ್ಕೆ ಪಕ್ಕದ ಮನೆಯ ಶರಣಮ್ಮ ಕಾಕಿ ಹಾದುಹೋದರು.

"ಯಾವಾಗ ಬಂದೀಪಾ?"

ನಾನು ಸುಮ್ಮನಿದ್ದೆ.

"ಯಪ್ಪಾ, ನಿನಗ ಮಾತಾಡಸ್ಲಕತ್ತೀನಿ!"

ಕಣ್ಣು ಮಿಟುಕಿಸಿದೆ. ಅದೇ ತಪ್ಪಾಯಿತು. ಕಾಕಿ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಡಾಕ್ಟರನ್ನು, ಒಮ್ಮೆ ಯಂತ್ರವನ್ನು. ಎದೆ ಬಡಿದುಕೊಂಡು ಕೂಗಿದರು:

"ಅಯ್ಯಯ್ಯೋ, ಲಕ್ವಾ ಹೊಡದಾದ್ರೆವ್ವಾ! ಮಾತು ಹೋಗ್ಯಾದ!"

ಜಡ್ಡಾದವರನ್ನು ನೋಡಲು ಹೋಗದಿದ್ದರೆ ನಮ್ಮಲ್ಲಿ ಜನ್ಮವಿಡೀ ಮಾತು ಕೇಳಬೇಕು. ಅರ್ಧ ಓಣಿ ನೆರೆಯಿತು. ಬಂದವರ ಕೈಯಲ್ಲೆಲ್ಲ ಊರಿನ ಕೆಂಪು ಬಾಳೆಹಣ್ಣು. ಒಬ್ಬರು ನನ್ನ ಎಡಗಾಲು ಚಿವುಟಿದರು. ನಿಯಮ ಪಾಲಿಸಿ ನಾನು ಅಲುಗಾಡಲಿಲ್ಲ.

"ನೋಡ್ರಿ, ಖಬರೇ ಇಲ್ಲ!"

"ಕಾಕಾ, ಏನೂ ಆಗಿಲ್ರೀ, ಪರೀಕ್ಷಾ ನಡದದ," ಎಂದಳು ಸುಜಾತಾ.

"ಡಾಕ್ಟರ್ ಮಂದಿ ಹಿಂಗೇ ಅಂತಾರವ್ವ."

ಒಳಗೆ ನೀಲಮ್ಮ ಬಂದವರಿಗೆಲ್ಲ ಚಹಾ ಸೋಸುತ್ತಿದ್ದಳು. ನಿಜ ಹೇಳಬಹುದಿತ್ತು. ಹೇಳಲಿಲ್ಲ. "ಏನ್ ಮಾಡೂದ್ರಿ, ಮೊದಲಿನಿಂದ ಸ್ವಲ್ಪ ಹಂಗೇ ಇದ್ರು," ಎನ್ನುವುದು ನನ್ನ ಕಿವಿಗೇ ಬಿತ್ತು.

ಯಾರೋ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ತಂದು ಪಾದ ತಿಕ್ಕತೊಡಗಿದರು. ಇನ್ಯಾರೋ ಲಕ್ವಾಕ್ಕೆ ಪಾರಿವಾಳದ ರಕ್ತ ಹಚ್ಚಬೇಕೆಂದರು. ಹತ್ತೇ ನಿಮಿಷದಲ್ಲಿ ಪಾರಿವಾಳವೂ ಬಂತು! ನಾನು ಅದನ್ನು ನೋಡಿದೆ. ಅದು ನನ್ನನ್ನು ನೋಡಿತು. ಆ ಗುಂಪಿನಲ್ಲಿ ನನ್ನ ಸ್ಥಿತಿ ಅರ್ಥವಾದದ್ದು ಅದೊಂದಕ್ಕೇ.

"ನನಗೇನೂ ಆಗಿಲ್ಲ! ಅದನ್ನ ಬಿಡ್ರಿ!" ಎಂದು ಚೀರಿದೆ.

"ಮಾತು ಬಂತು!" ಎಂದು ಜನ ಕುಣಿದರು. ಬೆಳ್ಳುಳ್ಳಿ ಎಣ್ಣೆಯವರು ಕಾಲರ್ ಸರಿಮಾಡಿಕೊಂಡರು. ಈ ಸಂಭ್ರಮದ ನಡುವೆ ಸುಜಾತಾ ನನ್ನ ಬೆರಳು ಚುಚ್ಚಿದಳು. ಔಷಧ ಇನ್ನೂ ಉಳಿದಿತ್ತು. "ಅತ್ತಿ, ನೀವೂ ಒಂದು ಹನಿ ಕೊಡ್ರಿ," ಎಂದು ನೀಲಮ್ಮನ ಬೆರಳನ್ನೂ ಚುಚ್ಚಿದಳು.

ಮಧ್ಯಾಹ್ನ ಗಂಜಿಗೆ ಹೋದೆವು. ಗೆಳೆಯ ಖಾಜಾಸಾಬರ ಅಂಗಡಿಯಲ್ಲಿ ಹಮಾಲರ ಕೂಗು, ಲಾರಿಗಳ ಹಾರ್ನು, ತೊಗರಿಯ ಧೂಳು.

"ಆವೋ ಸಾಹೇಬ್ರೆ, ಕುಂದರ್ರಿ. ಈಗ ಮಾತಾಡ್ಲಿಕ್ಕ ಫುರಸತ್ ಇಲ್ಲ ನೋಡ್ರಿ," ಎಂದರು ಖಾಜಾಸಾಬ.

ತೊಗರಿ ಚೀಲಗಳ ಮೇಲೆ ಒರಗಿದೆ. ಯಾರೂ ಏನೂ ಕೇಳಲಿಲ್ಲ. ಯಾರೂ ಚಿವುಟಲಿಲ್ಲ. ಮುಂದಿನದು ನನಗೆ ಗೊತ್ತಿಲ್ಲ. ನಾನು ಗೊರಕೆ ಹೊಡೆಯುತ್ತಿದ್ದೆನಂತೆ. ಬೆರಳು ಚುಚ್ಚಿದಾಗಲೂ ಎಚ್ಚರವಾಗಲಿಲ್ಲವಂತೆ.

ಸಂಜೆ ಶಹಾಬಜಾರದ ನಮ್ಮ ಮನೆಯಲ್ಲಿ ಸುಜಾತಾ ಫಲಿತಾಂಶ ಓದಿದಳು. ಕಮಲಾಪುರದಲ್ಲಿ ನನ್ನ ಕಣಗಳು ಎಣ್ಣೆ ತೀರಿದ ದೀಪ. ಗಂಜಿನಲ್ಲಿ ಝಗಮಗ! ಒಂದೊಂದೇ ಹನಿಯಿಂದ ಏನನ್ನೂ ಖಚಿತವಾಗಿ ಹೇಳಲಾಗದು ಎಂದು ಅವಳು ಏನೋ ವಿವರಿಸತೊಡಗಿದಳು. ಯಾರು ಕೇಳುತ್ತಾರೆ?

"ಹಂಗಾದ್ರ ಮನಿ ಮಾತು ಮುಗೀತು," ಎಂದೆ ಸೋತ ದನಿಯಲ್ಲಿ.

"ತಡೀರಿ ಮಾಮಾ. ಮೂರೂ ಹನಿಯಾಗ ಎಲ್ಲಾಕಿಂತ ಜಾಸ್ತಿ ಬೆಳಕು ಅತ್ತೀದು. ಅದೂ ಕಮಲಾಪುರದಾಗ."

ನೀಲಮ್ಮ ಕೊನೆಯ ಕೆಂಪು ಬಾಳೆಹಣ್ಣು ಸುಲಿಯುತ್ತ ಯೋಚಿಸಿದಳು. "ಖರೇನ ಅನಸ್ತದ. ಎಷ್ಟು ಮಂದಿ ಬಂದು ಮಾತಾಡ್ಸಿದ್ರು! ಈ ಓಣಿಯಾಗ ಯಾರು ಕೇಳ್ತಾರ? ಕಟ್ಸೋಣ ತಗೋರಿ."

ಗೆದ್ದೆನೋ ಸೋತೆನೋ ಇವತ್ತಿಗೂ ತಿಳಿದಿಲ್ಲ. ಮೊನ್ನೆ ಮನೆಯ ನಕ್ಷೆ ಬಂತು. ದೊಡ್ಡ ಪಡಸಾಲೆ, ಮೂವತ್ತು ಜನ ಕೂರುವಷ್ಟು. ದೊಡ್ಡ ಅಡುಗೆಮನೆ, ಅಷ್ಟೂ ಜನರಿಗೆ ಚಹಾ ಕಾಯಿಸುವಷ್ಟು. ನನ್ನ ಕೋಣೆ ಯಾವುದೆಂದು ಕೇಳಿದೆ.

ಪಡಸಾಲೆಯ ನಟ್ಟನಡುವೆ ನೀಲಮ್ಮ ಬೆರಳಿಟ್ಟಳು.

"ಇಲ್ಲಿ ನಿಮ್ಮ ಹೊರಸು. ಮಂದಿ ಬರಬೇಕಲ್ರಿ!"