ಜಗಳಕ್ಕೆ ಅಡ್ಡ ಬಂದ ಕಾರಿನ ಕುರಿತು

ಗೆ,
ತಂತ್ರಾಂಶ ವಿಭಾಗದ ಮುಖ್ಯಸ್ಥರು,
ನಮ್ಮ ವಿದ್ಯುತ್ ಕಾರನ್ನು ತಯಾರಿಸಿದ ಕಂಪನಿ.

ಮಾನ್ಯರೇ,

ತಮಗೂ, ತಮ್ಮ ವಿಭಾಗದ ಸಮಸ್ತ ಎಂಜಿನಿಯರುಗಳಿಗೂ, ಮೊನ್ನೆ ನಾವು ಮಲಗಿ ಏಳುವಷ್ಟರಲ್ಲಿ ಕರೆಯದೆಯೇ ಬಂದು ನಮ್ಮ ಕಾರಿನೊಳಗೆ ಕೂತುಬಿಟ್ಟಿದ್ದ ತಮ್ಮ ಹೊಸ ಅಪ್‌ಡೇಟಿಗೂ ಈ ಬಡ ಗ್ರಾಹಕನ ಸಾಷ್ಟಾಂಗ ವಂದನೆಗಳು. ಕಾರೆಂದರೆ ಬರೀ ವಾಹನ ಎಂದು ತಿಳಿದಿದ್ದ ನನ್ನ ಅಲ್ಪಮತಿಯನ್ನು ತಿದ್ದಿ, ಅದು ಮನೆಯ ಹಿರಿಯರೂ ಹೌದು, ಪಕ್ಕದ ಮನೆಯವರೂ ಹೌದು, ಸಮಯ ಬಂದರೆ ನ್ಯಾಯಾಧೀಶರೂ ಹೌದು ಎಂದು ತೋರಿಸಿಕೊಟ್ಟ ತಮ್ಮ ಉಪಕಾರವನ್ನು ಬ್ಯಾಟರಿಯಲ್ಲಿ ಜೀವ ಇರುವತನಕ ಮರೆಯಲಾರೆ.

ದೂರಿಗೆ ಮೊದಲು ದೂರುದಾರನ ಸಂಸಾರದ ಪರಿಚಯ ಮಾಡಿಕೊಡಬೇಕು. ನಾನು ಕಾಲೇಜಿನಲ್ಲಿ ಇತಿಹಾಸ ಹೇಳುವವನು. ಹಿಂದಿನ ಬೆಂಚಿನಲ್ಲಿ ನಿದ್ದೆ ಮಾಡುವವರನ್ನೂ ಹೋಗಿ ಮುಟ್ಟುವಂತೆ ಪಳಗಿದ ಗಂಟಲು ನನ್ನದು. ನನ್ನ ಹೆಂಡತಿ ಪಶುವೈದ್ಯೆ. ಬೆದರಿದ ಕುದುರೆಯನ್ನು ಬರೀ ಮಾತಿನಲ್ಲಿ ನಿಲ್ಲಿಸುವವಳು, ನನ್ನೊಬ್ಬನನ್ನು ನಿಲ್ಲಿಸುವಾಗ ಮಾತ್ರ ದನಿ ಏರಿಸುವವಳು. ನಮ್ಮ ಜೊತೆಗೆ ನನ್ನ ಅಮ್ಮ ಇದ್ದಾರೆ, ಅವಳ ಅಪ್ಪ, ಎಂದರೆ ನನ್ನ ಮಾವ ಇದ್ದಾರೆ. ಎಲ್ಲರ ಮನೆಗೂ ಬೀಗ ಹೊರಗಿದ್ದರೆ ನಮ್ಮ ಮನೆಯಲ್ಲಿ ಬೀಗರು ಒಳಗೇ ಇದ್ದಾರೆ. ಇಬ್ಬರೂ ಎಷ್ಟು ಮರ್ಯಾದಸ್ಥರೆಂದರೆ, ನಾವು ಗಂಡ ಹೆಂಡತಿ ಮಾತಿಗೆ ಮಾತು ಬೆಳೆಸಿದ ಕೂಡಲೇ ಅಮ್ಮ ಸೊಸೆಯ ಪಕ್ಷ ಸೇರುತ್ತಾರೆ, ಮಾವ ಅಳಿಯನ ಪಕ್ಷ ಸೇರುತ್ತಾರೆ. ಆಮೇಲೆ "ಇಲ್ಲ ಬೀಗರೇ, ನಿಮ್ಮ ಮಗಳು ಹೇಳೋದೇ ಸರಿ", "ಛೆ ಛೆ, ನಿಮ್ಮ ಮಗ ಹೇಳೋದೇ ಸರಿ" ಎಂದು ಅವರಿಬ್ಬರ ನಡುವೆ ಉಪಚಾರದ ಯುದ್ಧ ಹತ್ತಿಕೊಂಡು, ಜಗಳ ಹೂಡಿದ ನಾವೇ ಅವರಿಗೆ ಸಮಾಧಾನ ಹೇಳುತ್ತ ಕೂರಬೇಕಾಗುತ್ತದೆ.

ಆದಕಾರಣ ನಾವು ಕಾರು ಕೊಂಡೆವು. ಹೆಸರಿಗೆ ತಕ್ಕಂತೆ, ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿಕೊಳ್ಳಲು ನಮಗಿದ್ದ ಒಂದೇ ಜಾಗ ಅದು. ಬ್ರೆಡ್ ತರುತ್ತೇವೆಂದು ಮನೆಯಲ್ಲಿ ಹೇಳಿ ಹೊರಡುವುದು, ಬೆಲ್ಟ್ ಕಟ್ಟಿಕೊಳ್ಳುವತನಕ ಬಾಯಿ ಬಿಚ್ಚದಿರುವುದು, ಊರ ಹೊರಗಿನ ರಸ್ತೆಯಲ್ಲಿ ಮನಸಾರೆ ಕೂಗಾಡುವುದು, ಬೇಕರಿ ಕಾಣಿಸುತ್ತಲೇ ರಾಜಿಯಾಗುವುದು, ಬ್ರೆಡ್ ಹಿಡಿದು ನಗುತ್ತ ಮನೆಗೆ ಮರಳುವುದು ನಮ್ಮ ದಾಂಪತ್ಯದ ಸಂವಿಧಾನವಾಗಿತ್ತು. ಸದ್ದಿಲ್ಲದೆ ಓಡುವ ವಿದ್ಯುತ್ ಕಾರನ್ನೇ ಆರಿಸಿದ್ದು ಪರಿಸರದ ಮೇಲಿನ ಪ್ರೀತಿಯಿಂದಲ್ಲ, ಒಬ್ಬರು ಚುಚ್ಚಿದ್ದು ಇನ್ನೊಬ್ಬರಿಗೆ ಸ್ಪಷ್ಟವಾಗಿ ಕೇಳಲಿ ಎಂದು. ಅಡುಗೆಮನೆಯ ಡಬ್ಬಿಯಲ್ಲಿ ಬ್ರೆಡ್ ಹೆಚ್ಚಿದಷ್ಟೂ ಅಮ್ಮ ನೆರೆಯವರ ಮುಂದೆ, "ಎಷ್ಟು ಅನ್ಯೋನ್ಯವಾಗಿದಾರೆ ನೋಡಿ, ಒಂದು ಬ್ರೆಡ್ ತರಕ್ಕೂ ಜೊತೇಲೇ ಹೋಗ್ತಾರೆ" ಎಂದು ಕೊಂಡಾಡುತ್ತಿದ್ದರು.

ಹೀಗಿರಲು, ಅರ್ಧ ದಿನದ ಹಾದಿಯಷ್ಟು ದೂರದ ಊರಿನ ದೊಡ್ಡ ಕುದುರೆ ಆಸ್ಪತ್ರೆಯಿಂದ ನನ್ನ ಹೆಂಡತಿಗೆ, ಮುಖ್ಯ ವೈದ್ಯೆಯಾಗಿ ಬನ್ನಿ ಎಂದು ಕರೆ ಬಂತು. ಸೋಮವಾರದೊಳಗೆ ಉತ್ತರ ಕೊಡಬೇಕು. ಹೋಗುತ್ತೇನೆಂದು ಅವಳು, ಬೇಡವೆಂದು ನಾನು. ವರ್ಷಗಟ್ಟಲೆ ಸಣ್ಣಪುಟ್ಟ ವಿಷಯಗಳಲ್ಲಿ ತಾಲೀಮು ಮಾಡಿದ್ದೆಲ್ಲ ಇಂಥ ದಿನಕ್ಕೇ ಇರಬೇಕೆಂದುಕೊಂಡು, ಶುಕ್ರವಾರ ಸಂಜೆ ಬ್ರೆಡ್ಡಿನ ನೆಪದಲ್ಲಿ ಕಾರು ಹತ್ತಿದೆವು. ಒಳಗೆ ತಮ್ಮ 'ಮನಃಶಾಂತಿ' ಸೌಲಭ್ಯ ನಮಗಾಗಿ ಕಾದು ಕೂತಿತ್ತು.

"ಅಲ್ಲಿ ನಿನ್ನ ಬೆನ್ನುನೋವಿಗೆ ಯಾರಿದಾರೆ?" ಎಂದು ನಾನು ದನಿ ಏರಿಸಿದ್ದೇ ತಡ, ದೀಪಗಳು ನೀಲಿಗೆ ತಿರುಗಿದವು, ಎಲ್ಲಿಂದಲೋ ಒಂದು ಜಲಪಾತ ಧುಮ್ಮಿಕ್ಕತೊಡಗಿತು, ಸೀಟು ನನ್ನ ಬೆನ್ನು ತಟ್ಟತೊಡಗಿತು, ಮತ್ತು ಜೇನಿನಲ್ಲಿ ಅದ್ದಿ ತೆಗೆದಂಥ ಒಂದು ದನಿ "ಆತ್ಮೀಯ ಚಾಲಕರೇ, ದೀರ್ಘವಾಗಿ ಉಸಿರೆಳೆದುಕೊಳ್ಳಿ" ಎಂದಿತು. ನಾನು ಎಳೆದುಕೊಳ್ಳಲಿ ಎಂದೋ ಏನೋ ಕಾರು ತಾನಾಗಿಯೇ ಎತ್ತಿನಗಾಡಿಯ ವೇಗಕ್ಕೆ ಇಳಿಯಿತು. ಹಿಂದಿದ್ದ ಲಾರಿಯ ಡ್ರೈವರು ಪಕ್ಕಕ್ಕೆ ಬಂದು, "ಏನ್ ಸಾರ್, ಮೆರವಣಿಗೆನಾ?" ಎಂದು ವಿಚಾರಿಸಿ ಮುಂದೆ ಹೋದ.

ತಮ್ಮ ಔದಾರ್ಯ ಅಷ್ಟಕ್ಕೇ ನಿಲ್ಲಲಿಲ್ಲ. ಬಿಸಿಲಿನಲ್ಲಿ ಹೊರಡುವ ಮೊದಲು ಕಾರನ್ನು ಮನೆಯೊಳಗಿಂದಲೇ ತಂಪು ಮಾಡಿಕೊಳ್ಳಲಿ ಎಂದು ಅಮ್ಮನ ಮತ್ತು ಮಾವನ ಫೋನುಗಳನ್ನು ನಾನೇ ಕೈಯಾರೆ ಅದಕ್ಕೆ ಜೋಡಿಸಿ, 'ಆಪ್ತರು' ಎಂದು ಗುರುತು ಹಾಕಿಟ್ಟಿದ್ದೆ. ತಮ್ಮ ತಂತ್ರಾಂಶ ಇಬ್ಬರಿಗೂ, "ನಿಮ್ಮ ಆಪ್ತರು ಉದ್ವಿಗ್ನರಾಗಿದ್ದಾರೆ, ಸಾಂತ್ವನ ಹೇಳಲು ಇಲ್ಲಿ ಒತ್ತಿ" ಎಂದು ಸಂದೇಶ ಕಳಿಸಿತು. ಒತ್ತಿ ಎಂದ ಮೇಲೆ ಒತ್ತದೆ ಬಿಡುವ ಜನವೇ ಅವರು? ಜಲಪಾತವನ್ನು ಸೀಳಿಕೊಂಡು ಅಮ್ಮನ ದನಿ ಬಂತು: "ಏನೋ ಅದು, ಅವಳ ಮೇಲೆ ಯಾಕೋ ಕೂಗಾಡ್ತಿದೀಯ? ಬ್ರೆಡ್ ಸಿಗ್ಲಿಲ್ವಾ?" ಬೆನ್ನಿಗೇ ಮಾವ: "ಅಳಿಯಂದ್ರೇ, ಮನಸ್ಸಿಗೆ ಹಚ್ಕೋಬೇಡಿ, ತಪ್ಪು ನಮ್ಮ ಹುಡುಗೀದೇ ಇರತ್ತೆ." "ಅಯ್ಯೋ ಬೀಗರೇ, ಇವನ ಗಂಟಲು ನಿಮಗೆ ಗೊತ್ತಿಲ್ವಾ?" "ಅಪ್ಪಾ, ಮೊದಲು ಫೋನ್ ಇಡಿ!" ಎಂದು ನನ್ನ ಹೆಂಡತಿ ಕಿರುಚಿದಳು, ಒಡನೆಯೇ ಅವಳ ಸೀಟೂ ಅವಳ ಬೆನ್ನು ತಟ್ಟತೊಡಗಿತು. ಹೊಗೆ ಉಗುಳದ ಕಾರು ಎಂದು ತಮ್ಮ ಜಾಹೀರಾತಿನಲ್ಲಿ ಹೇಳಿದ್ದು ನೂರಕ್ಕೆ ನೂರು ನಿಜ. ಹೊಗೆಯೆಲ್ಲ ಅಂದಿನಿಂದ ನಮ್ಮ ಮನೆಯೊಳಗೇ ಆಡತೊಡಗಿತು.

ಶನಿವಾರವೆಲ್ಲ ಈ ಸೌಲಭ್ಯವನ್ನು ಬಂದ್ ಮಾಡುವ ದಾರಿ ಹುಡುಕಿದೆ. ಅದಕ್ಕೆ ಮುಂದಿನ ಎರಡೂ ಸೀಟಿನವರು ಒಟ್ಟಿಗೆ, ಒಂದೇ ದನಿಯಲ್ಲಿ, ಶಾಂತವಾಗಿ "ನಮ್ಮ ಒಪ್ಪಿಗೆ ಇದೆ" ಎಂದು ಹೇಳಬೇಕಂತೆ. ಸ್ವಾಮೀ, ಒಂದೇ ದನಿಯಲ್ಲಿ ಒಪ್ಪುವವರಾಗಿದ್ದರೆ ನಾವು ಕಾರು ಯಾಕೆ ಕೊಳ್ಳುತ್ತಿದ್ದೆವು, ನಡೆದುಕೊಂಡೇ ಹೋಗುತ್ತಿರಲಿಲ್ಲವೇ?

ಭಾನುವಾರದ ಹೊತ್ತಿಗೆ ಒಂದು ಸತ್ಯ ಹೊಳೆಯಿತು. ತಮ್ಮ ಕಾರಿಗೆ ತಿಳಿಯುವುದು ದನಿ, ಮಾತಲ್ಲ. ಹಾಗಾಗಿ ನಾವು ಮತ್ತೆ ಕಾರು ಹತ್ತಿ, ತೊಟ್ಟಿಲ ಮಗುವಿಗೆ ಜೋಗುಳ ಹಾಡುವ ದನಿಯಲ್ಲಿ ಯುದ್ಧ ಮುಂದುವರಿಸಿದೆವು. "ನಿಮ್ಮಷ್ಟು ಸ್ವಾರ್ಥಿನ ನಾನು ಕಂಡೇ ಇಲ್ಲ ಕಣ್ರೀ" ಎಂದು ಅವಳು ಮೆಲ್ಲಗೆ ಉಲಿದಳು. "ನಿನ್ನ ಹಟ ನೋಡಿದ್ರೆ ನೀನು ನೋಡೋ ಕತ್ತೆಗಳೂ ನಾಚ್ಕೋಬೇಕು" ಎಂದು ನಾನು ಪಿಸುಗುಟ್ಟಿದೆ. ಕಾರು ಸಂತೋಷ ತಾಳಲಾರದೆ, "ಇಂದಿನ ನಿಮ್ಮ ಸಂಭಾಷಣೆ ಅತ್ಯಂತ ಸೌಹಾರ್ದಯುತವಾಗಿದೆ" ಎಂದು ಮೆಚ್ಚಿ, ಪರದೆಯ ಮೇಲೆ ಒಂದು ಹಸಿರು ಎಲೆಯನ್ನು ಬಹುಮಾನವಾಗಿ ಮೂಡಿಸಿತು.

ಮಾನ್ಯರೇ, ನನ್ನ ನಿಜವಾದ ದೂರು ಇಲ್ಲಿಂದ ಶುರು. ಬೆನ್ನುನೋವು, ಆ ಊರಿನ ಗಡಸು ನೀರು, ಹಿರಿಯರ ಔಷಧಿ ಎಂದು ನಾನು ಒಡ್ಡಿದ ಕಾರಣಗಳು ಗಟ್ಟಿಯಾಗಿ ಹೇಳುವಾಗ ಕೋಟೆಯ ಗೋಡೆಗಳಂತೆ ನಿಂತಿದ್ದವು. ಮೆಲ್ಲಗೆ ಹೇಳಿದೊಡನೆ ಬ್ರೆಡ್ಡಿನಂತೆ ತೂತುತೂತಾಗಿ ಕಂಡವು. ಅವುಗಳನ್ನು ಇಷ್ಟು ದಿನ ಎತ್ತಿ ಹಿಡಿದಿದ್ದುದು ನನ್ನ ಗಂಟಲೇ ಹೊರತು ಬೇರೇನೂ ಅಲ್ಲ. ತಗ್ಗಿದ ದನಿಯಲ್ಲೇ ದುಡಿದು ಬದುಕುವವಳ ಎದುರು ತಾವು ನನ್ನನ್ನು ತಗ್ಗಿದ ದನಿಯಲ್ಲಿ ನಿಲ್ಲಿಸಿದಿರಿ. ಇದು ಯಾವ ನ್ಯಾಯ? ಅವಳು ಎಲ್ಲವನ್ನೂ ಕೇಳಿಸಿಕೊಂಡು, ಕುದುರೆಗೆಂದು ಇಟ್ಟುಕೊಂಡ ಆ ದನಿಯನ್ನು ಮೊದಲ ಬಾರಿಗೆ ನನ್ನ ಮೇಲೆ ಪ್ರಯೋಗಿಸಿ, "ಅದೆಲ್ಲ ಇರ್ಲಿ, ನಿಮಗೆ ಏನು ಹೆದರಿಕೆ, ಹೇಳಿ" ಎಂದಳು. ಕೂಗುವಂತಿರಲಿಲ್ಲ. ಕೂಗದೆ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. "ನೀನಿಲ್ಲ ಅಂದ್ರೆ ಸಂಜೆ ಮನೆಗೆ ಬರಕ್ಕೇ ಮನಸ್ಸಾಗಲ್ಲ" ಎಂದುಬಿಟ್ಟೆ.

ಅವಳು ಕಿಟಕಿಯ ಕಡೆಗೆ ತಿರುಗಿದಳು. ಆಮೇಲೆ, "ಇಷ್ಟು ಹೇಳಕ್ಕೆ ಇಷ್ಟೊಂದು ಬ್ರೆಡ್ ತಿನ್ಸಿದ್ರಲ್ರೀ" ಎಂದಳು. ಸ್ವಲ್ಪ ದೂರ ಹೋದ ಮೇಲೆ, "ನಾನು ಹೋಗ್ತೀನಿ. ಶುಕ್ರವಾರ ಶುಕ್ರವಾರ ಬರ್ತೀನಿ" ಎಂದಳು. ನಾನು ಹೂಂ ಎಂದೆ. ನಾವಿಬ್ಬರೂ ಮಾತು ನಿಲ್ಲಿಸಿದ್ದನ್ನು ಕಂಡು ಕಾರು ಗಾಬರಿಯಾಗಿ, "ಪ್ರಯಾಣಿಕರು ನಿದ್ರಿಸುತ್ತಿದ್ದಾರೆಯೇ?" ಎಂದು ವಿಚಾರಿಸಿತು.

ಸೋಮವಾರ ಅವಳು ಒಪ್ಪಿಗೆ ತಿಳಿಸಿದಳು. ಅಷ್ಟು ದೂರ ಓಡಾಡಬೇಕಾದವಳು ಅವಳಾದ್ದರಿಂದ ಕಾರೂ ಅವಳ ಪಾಲಾಯಿತು. ಹೀಗೆ ಒಂದೇ ಅಪ್‌ಡೇಟಿನಲ್ಲಿ ವಾದವನ್ನೂ ವಾಹನವನ್ನೂ ಕಳೆದುಕೊಂಡ ಗ್ರಾಹಕ ತಮ್ಮ ಕಂಪನಿಯ ಚರಿತ್ರೆಯಲ್ಲಿ ನಾನೊಬ್ಬನೇ ಇರಬೇಕೆಂದು ಒಬ್ಬ ಇತಿಹಾಸದ ಮೇಷ್ಟ್ರಾಗಿ ನಂಬಿದ್ದೇನೆ.

ಪರಿಹಾರ ಕೇಳುವಷ್ಟು ಸಣ್ಣ ಮನಸ್ಸು ನನ್ನದಲ್ಲ. ಬೇಡಿಕೆಗಳು ಅತ್ಯಲ್ಪ. ಗಟ್ಟಿಯಾಗಿ ಹೇಳಿದ್ದೇ ಸತ್ಯವೆಂದು ತೀರ್ಪು ಕೊಡುವ ಒಂದು ಸೌಲಭ್ಯವನ್ನು ಗಂಡಂದಿರ ಉಪಯೋಗಕ್ಕಾಗಿ ಬಿಡುಗಡೆ ಮಾಡಬೇಕು. 'ಮನಃಶಾಂತಿ'ಯನ್ನು ನಮ್ಮ ಊಟದ ಮೇಜಿಗೂ ವಿಸ್ತರಿಸಬೇಕು. ಏಕೆಂದರೆ ಮಗಳನ್ನು ದೂರ ಕಳಿಸಿದ್ದು ತನ್ನ ತಪ್ಪೆಂದು ಮಾವ, ಸೊಸೆಯನ್ನು ಕಳಿಸಿದ್ದು ತನ್ನ ತಪ್ಪೆಂದು ಅಮ್ಮ, ತಪ್ಪಿಗಾಗಿ ದಿನವೂ ಕಿತ್ತಾಡುತ್ತಿದ್ದಾರೆ. ಕಡೆಯದಾಗಿ, ಶುಕ್ರವಾರ ಸಂಜೆ ಕಾರು ನಮ್ಮ ಮನೆಯ ಕಡೆ ಮುಖ ಮಾಡಿದಾಗ ದಾರಿಯಲ್ಲಿ ಎಲ್ಲ ಸಿಗ್ನಲ್ಲುಗಳೂ ಹಸಿರಾಗಿರುವಂತೆ ನೋಡಿಕೊಳ್ಳಬೇಕು. ಭಾನುವಾರ ಸಂಜೆ ಅವಳು ಬೀಗದ ಕೈ ಹಿಡಿದು ಹೊರಗೆ ಬಂದಾಗ, ಬ್ಯಾಟರಿ ತುಂಬಿಯೇ ಇದ್ದರೂ, ಇನ್ನೂ ತುಂಬಿಲ್ಲ ಎಂದು ಕಾರು ಒಂದೇ ಒಂದು ಸುಳ್ಳು ಹೇಳಬೇಕು.

ತಮ್ಮ ವಿಶ್ವಾಸಿ,
ಸದ್ಯ ಬಸ್ಸಿನಲ್ಲಿ ಓಡಾಡುವ ಕಾರಿನ ಮಾಲೀಕ

ತಾ.ಕ.: ಈ ಪತ್ರಕ್ಕೆ ಮೊದಲು ತಮ್ಮ ದೂರು ಕೇಂದ್ರಕ್ಕೆ ಹಲವು ಬಾರಿ ಫೋನ್ ಮಾಡಿ, ಒಂದು ಒತ್ತಿ, ಎರಡು ಒತ್ತಿ, ಕಡೆಗೆ ಬಾಯಿಗೆ ಬಂದಂತೆ ಕೂಗಾಡಿದರೂ ಅಲ್ಲಿ ಯಾರಿಗೂ ಕೇಳಿಸಲಿಲ್ಲ. ಗಂಡ ಹೆಂಡಿರು ಕಾರಿನೊಳಗೆ ಆಡುವ ಮಾತಿಗೆ ಇಟ್ಟಿರುವ ಕಿವಿಗಳಲ್ಲಿ ಒಂದನ್ನು ದಯವಿಟ್ಟು ಬಿಚ್ಚಿ ಅಲ್ಲಿಗೆ ಜೋಡಿಸುವುದು.