ಬಿಸಿಯೇರಿ ತಾನೇ ಆರಿ ತಾನೇ ಏಳುವ ಮನೆ ಕಂಪ್ಯೂಟರಿನ ಉಪಚಾರ ಕುರಿತು

ಗೃಹಯಂತ್ರ ಉಸ್ತುವಾರಿ ವಿಭಾಗ
(ಅಡುಗೆಮನೆ ಕಟ್ಟೆಯ ಎಡತುದಿ)

ಸಂಖ್ಯೆ: ಗೃಯಂಉ/ಕಂಪ್ಯೂ/ಬಿಸಿ/೦೭
ದಿನಾಂಕ: ಭಾನುವಾರ, ಬಟ್ಟೆ ಒಣಹಾಕಿದ ನಂತರ

ಸುತ್ತೋಲೆ

ವಿಷಯ: ಮನೆಯ ಕಂಪ್ಯೂಟರು ಮಿತಿಮೀರಿ ಕಾದು, ಯಾರ ಅನುಮತಿಯೂ ಇಲ್ಲದೆ ಪದೇ ಪದೇ ಪುನರಾರಂಭಗೊಂಡ ಬಗ್ಗೆ ಹಾಗೂ ಇನ್ನು ಮುಂದೆ ಪಾಲಿಸಬೇಕಾದ ಕ್ರಮಗಳ ಬಗ್ಗೆ.

ಉಲ್ಲೇಖ:
(೧) ಏಳು ವರ್ಷಗಳ ಹಿಂದೆ, ಕಂಪ್ಯೂಟರು ಮನೆಗೆ ಬಂದ ಸಂಜೆ, ಅಪ್ಪನವರು ಮಗಳಿಗೆ ನೀಡಿದ ಮೌಖಿಕ ಭರವಸೆ: “ಒಂದಿನ ಇದನ್ನ ಬಿಚ್ಚಿ, ಒಳಗೇನಿದೆ ಅಂತ ನಾನೇ ತೋರಿಸ್ತೀನಿ ಕಣೇ.”
(೨) ಇದೇ ವಿಭಾಗದ ಸುತ್ತೋಲೆ ೦೪: “ಧೂಳು ತಡೆಯುವ ಉಣ್ಣೆ ಹೊದಿಕೆಯನ್ನು ಯಾವುದೇ ಸಂದರ್ಭದಲ್ಲೂ ತೆಗೆಯತಕ್ಕದ್ದಲ್ಲ.”
(೩) ಮಗಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಅರ್ಜಿ: “ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಸ್ಕೂಲಲ್ಲಿ ಸಿನಿಮಾ ಕೊಡ್ಬೇಕು. ಯಾರಾದ್ರೂ ಏನಾದ್ರೂ ಮಾಡಿ.”

ಪ್ರಸ್ತಾವನೆ:

ಉಲ್ಲೇಖ (೧)ರ ಭರವಸೆ ನೀಡಿದ ಅಪ್ಪನವರು ವೃತ್ತಿಯಿಂದ ಬೀಗ ರಿಪೇರಿಯವರು. ಇಡೀ ಬೀದಿಯ ಬಾಗಿಲು, ಬೀರು, ಸೂಟ್‌ಕೇಸುಗಳನ್ನು ಮಾತಾಡುತ್ತಲೇ ಬಿಚ್ಚಿ ಕೊಡುವ ಅವರು, ನಾಲ್ಕೇ ನಾಲ್ಕು ಸ್ಕ್ರೂಗಳ ಈ ಪೆಟ್ಟಿಗೆಯನ್ನು ಮಾತ್ರ ಏಳು ವರ್ಷ ಮುಟ್ಟಿರುವುದಿಲ್ಲ. ಮಗಳು ಕೇಳಿದಾಗಲೆಲ್ಲ “ಈ ಭಾನುವಾರ ಬೇಡ, ಮುಂದಿನ ಭಾನುವಾರ” ಎಂಬ ಉತ್ತರ ಬಂದಿದ್ದು, ಸದರಿ ಮುಂದಿನ ಭಾನುವಾರವು ಇದುವರೆಗೆ ಯಾವ ಕ್ಯಾಲೆಂಡರಿನಲ್ಲೂ ಪತ್ತೆಯಾಗಿಲ್ಲ.

ಹೀಗಿರುವಾಗ ಮಗಳು, ಜೇಡಿಮಣ್ಣಿನ ಬಸವನಹುಳುವೊಂದು ಊಟದ ಮೇಜನ್ನು ಈ ತುದಿಯಿಂದ ಆ ತುದಿಗೆ ದಾಟುವ ಸಿನಿಮಾವೊಂದನ್ನು ಕೈಗೆತ್ತಿಕೊಂಡು, ಹುಳುವನ್ನು ಕೂದಲೆಳೆಯಷ್ಟು ಸರಿಸುತ್ತ, ಸಾವಿರದ ಇನ್ನೂರ ಆರು ಫೋಟೊ ತೆಗೆದಿರುತ್ತಾಳೆ. (ಇದಕ್ಕೆ ಹಿಡಿದ ಹದಿನೆಂಟು ದಿನವೂ ಕುಟುಂಬವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡಿದೆ.) ಅವನ್ನೆಲ್ಲ ಪೋಣಿಸಿ ಸಿನಿಮಾ ಮಾಡಲು ಕಂಪ್ಯೂಟರು ಐವತ್ತು ನಿಮಿಷ ಒಂದೇ ಉಸಿರಿಗೆ ದುಡಿಯಬೇಕು. ಅದು ಇಪ್ಪತ್ತೆರಡನೆಯ ನಿಮಿಷಕ್ಕೆ ಕಾದ ಹೆಂಚಾಗಿ, ಪಕ್ಕನೆ ಆರಿ, ಏನೂ ನಡೆದೇ ಇಲ್ಲವೆಂಬ ಮುಖ ಮಾಡಿಕೊಂಡು ತಾನೇ ಎದ್ದು ಕೂರುತ್ತಿತ್ತು. ಪೋಣಿಸುವ ಕೆಲಸ ಮತ್ತೆ ಮೊದಲಿನಿಂದ.

ಆದುದರಿಂದ ಮನೆಯ ಸಮಸ್ತ ಸದಸ್ಯರು ಈ ಕೆಳಕಂಡಂತೆ ನಡೆದುಕೊಳ್ಳಲು ಆದೇಶಿಸಿದೆ.

೧. ಸೋಮವಾರ ಅಜ್ಜಿಯವರು “ಪಾಪ, ಮೈ ಸುಡ್ತಿದೆ” ಎಂದು ಕಂಪ್ಯೂಟರಿನ ನೆತ್ತಿಗೆ ಒದ್ದೆ ಬಟ್ಟೆ ಹಾಕಲು ಹೊರಟಿದ್ದು ಅಂತಃಕರಣದ ಕೆಲಸವೆಂದು ಪರಿಗಣಿಸಲಾಗಿದೆ. ಆದಾಗ್ಯೂ ಕರೆಂಟಿನಿಂದ ನಡೆಯುವ ಯಾವುದೇ ವಸ್ತುವಿಗೆ ಜ್ವರದ ಉಪಚಾರ ಮಾಡುವುದನ್ನು ನಿಷೇಧಿಸಿದೆ. ಹಣೆ ಮುಟ್ಟಿ ನೋಡಲು ಅಭ್ಯಂತರವಿಲ್ಲ.

೨. ಮೇಲಿನ ಮನೆಯ ಫ್ಯಾನ್ ರಿಪೇರಿಯವರು ಮೆಟ್ಟಿಲ ಮೇಲಿಂದಲೇ “ಒಂದ್ಸಲ ಆಫ್ ಮಾಡಿ ಆನ್ ಮಾಡಿ, ಸರಿಹೋಗತ್ತೆ” ಎಂದು ಸಲಹೆ ನೀಡಿರುತ್ತಾರೆ. ಸದರಿ ಸಲಹೆಯನ್ನು ಕಂಪ್ಯೂಟರು ಯಾರೂ ಹೇಳದೆಯೇ ದಿನಕ್ಕೆ ಒಂಬತ್ತು ಬಾರಿ ಪಾಲಿಸುತ್ತಿರುವುದರಿಂದ, ಇನ್ನು ಮುಂದೆ ಇದನ್ನು ಸಲಹೆಯೆಂದು ಸ್ವೀಕರಿಸಲಾಗುವುದಿಲ್ಲ.

೩. ಮಂಗಳವಾರದಿಂದ ಮನೆಯ ಏಕೈಕ ಟೇಬಲ್ ಫ್ಯಾನನ್ನು ಅಜ್ಜಿಯವರ ಕೋಣೆಯಿಂದ ಕಂಪ್ಯೂಟರಿನ ಮುಂದಕ್ಕೆ ನಿಯೋಜಿಸಲಾಗಿತ್ತು. ನಿಯೋಜನೆಯ ಮೇಲಿರುವ ಫ್ಯಾನು ಕತ್ತು ತಿರುಗಿಸಿ ಬೇರೆಯವರಿಗೆ ಗಾಳಿ ಬೀಸತಕ್ಕದ್ದಲ್ಲ. ಪೇಪರು ಓದುವ ನೆಪದಲ್ಲಿ ಅಪ್ಪನವರು ಕಂಪ್ಯೂಟರಿಗೂ ಫ್ಯಾನಿಗೂ ನಡುವೆ ಕುರ್ಚಿ ಹಾಕಿದ್ದನ್ನು ಅತಿಕ್ರಮಣವೆಂದು ದಾಖಲಿಸಿದೆ.

೪. ಕಂಪ್ಯೂಟರು ಆರಿಹೋದ ಹತ್ತು ನಿಮಿಷದೊಳಗೆ, ಅದರ ಮುಂದೆ ಕುಳಿತವರನ್ನು ಉದ್ದೇಶಿಸಿ “ಸೇವ್ ಮಾಡಿದ್ಯಾ?” ಎಂದು ಯಾರೂ ಕೇಳತಕ್ಕದ್ದಲ್ಲ. ಬುಧವಾರ ಈ ಪ್ರಶ್ನೆಯನ್ನು ಮೂವರು ಮೂರು ಕೋಣೆಗಳಿಂದ ಏಕಕಾಲಕ್ಕೆ ಕೇಳಿದ ಪರಿಣಾಮ, ಮಗಳು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ನಲವತ್ತು ನಿಮಿಷ ಹೊರಬಂದಿಲ್ಲ. ಬೀಗವಾದರೆ ತೆಗೆಯಬಹುದಿತ್ತು, ಚಿಲಕವಾದ್ದರಿಂದ ಅಪ್ಪನವರೂ ಬಾಗಿಲ ಹೊರಗೆ ಸುಮ್ಮನೆ ನಿಂತಿದ್ದರು.

೫. ಗುರುವಾರ ಸಂಜೆ ಮಗಳು ಪೆಟ್ಟಿಗೆಯ ಬೆನ್ನಿಗೆ ಅಂಗೈ ಹಿಡಿದು ನೋಡಿ, ಅಲ್ಲಿಂದ ಬಿಸಿಗಾಳಿ ಹೊರಗೆ ಬರಬೇಕೆಂದೂ, ಉಣ್ಣೆ ಹೊದಿಕೆ ಗಾಳಿಕಿಂಡಿಯನ್ನು ಪೂರ್ತಿ ಮುಚ್ಚಿದೆಯೆಂದೂ ವರದಿ ಮಾಡಿರುತ್ತಾಳೆ. ಏಳು ವರ್ಷದಿಂದ ಕಂಪ್ಯೂಟರು ಸ್ವೆಟರು ತೊಟ್ಟುಕೊಂಡೇ ದುಡಿದಿರುವುದು ಇದರಿಂದ ಸಾಬೀತಾಗಿದೆ.

೫(ಅ). ಉಲ್ಲೇಖ (೨)ರ ಆದೇಶವನ್ನು ರದ್ದುಪಡಿಸಲಾಗಿದೆ. ಸದರಿ ಆದೇಶ ಹೊರಡಿಸಿದವರು ಯಾರೆಂದು ಪರಿಶೀಲಿಸಲಾಗಿ, ಕೆಳಗೆ ಸಹಿಯಿದ್ದರೂ ಅಕ್ಷರ ಸ್ಪಷ್ಟವಿಲ್ಲದ ಕಾರಣ ತನಿಖೆಯನ್ನು ಕೈಬಿಡಲಾಗಿದೆ. “ನಾನು ಮೇಲೆ ಮಾತ್ರ ಹೆಣಿತೀನಿ ಅಂದೆ. ಬೆನ್ನೂ ಮುಚ್ಚಲಿ ಅತ್ತೆ ಅಂದಿದ್ದು ನೀನೇ ಕಣಮ್ಮ” ಎಂಬ ಅಜ್ಜಿಯವರ ಹೇಳಿಕೆಯನ್ನು ಸ್ವೀಕರಿಸಿ, ಕಡತದ ಕೊನೆಯ ಹಾಳೆಯ ಹಿಂಬದಿಯಲ್ಲಿ ಇರಿಸಲಾಗಿದೆ.

೫(ಆ). ಹೊದಿಕೆಯನ್ನು ಎರಡು ವರ್ಷದಿಂದ ಕೆಟ್ಟು ಕುಳಿತಿರುವ ಪ್ರಿಂಟರಿಗೆ ಸಕಲ ಗೌರವಗಳೊಂದಿಗೆ ವರ್ಗಾಯಿಸಿದೆ. ಪ್ರಿಂಟರಿಗೆ ಬಿಸಿಯಾಗುವ ಅಭ್ಯಾಸವಿಲ್ಲ. ಅದಕ್ಕೆ ಯಾವ ಅಭ್ಯಾಸವೂ ಇಲ್ಲ.

೬. ಹೊದಿಕೆ ತೆಗೆದ ಮೇಲೆ ಕಂಪ್ಯೂಟರು ಮೂವತ್ತೊಂದು ನಿಮಿಷ ನಡೆದು ಮತ್ತೆ ಆರಿದ್ದರಿಂದ, ಪೆಟ್ಟಿಗೆ ಬಿಚ್ಚುವುದು ಅನಿವಾರ್ಯವಾಯಿತು. ಶುಕ್ರವಾರ ಮಧ್ಯಾಹ್ನ ಈ ಬಗ್ಗೆ ಅಪ್ಪನವರನ್ನು ಕೈತೋಟದಲ್ಲಿ ಏಕಾಂತವಾಗಿ ವಿಚಾರಿಸಲಾಗಿ, ಅವರು ನೀರಿನ ಪೈಪನ್ನು ಕೈಯಲ್ಲೇ ಹಿಡಿದುಕೊಂಡು ನೀಡಿದ ಹೇಳಿಕೆ: “ಬಿಚ್ಚೋದೇನ್ ದೊಡ್ಡದಲ್ಲ. ಬೀಗದೊಳಗೆ ಏನೇನಿರತ್ತೆ ಅಂತ ಗೊತ್ತು. ಇದರೊಳಗೆ ಕೈ ತೋರಿಸಿ ಅವಳು ‘ಇದೇನಪ್ಪಾ’ ಅಂದ್ರೆ ನಾನೇನ್ ಹೇಳ್ಲಿ?” ಆ ಹೊತ್ತಿಗೆ ಒಂದು ದಾಸವಾಳದ ಬುಡಕ್ಕೆ ಮೂರು ಗಿಡದ ನೀರು ಹೋಗಿತ್ತು. ವಿಭಾಗವು ನಲ್ಲಿ ನಿಲ್ಲಿಸಿರುತ್ತದೆ.

೭. ಮಗಳು ಶಾಲೆಯಿಂದ ಬಂದವಳೇ, ಯಾರನ್ನೂ ಕೇಳದೆ, ಪ್ಲಗ್ ಕಿತ್ತು, ಹಳೆಯ ಪೇಪರು ಹಾಸಿ, ಅಪ್ಪನವರ ಕೆಲಸದ ಚೀಲದಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಪೆಟ್ಟಿಗೆ ಬಿಚ್ಚಿರುತ್ತಾಳೆ. ಒಳಗಿನ ಫ್ಯಾನಿನ ರೆಕ್ಕೆಗಳಿಗೆ ಹೊದಿಕೆಯ ನೇರಳೆ ಉಣ್ಣೆಯ ಎಳೆ ಸುತ್ತಿಕೊಂಡು ದಿಂಬಿನಂತಾಗಿತ್ತು. ಅಪ್ಪನವರು ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕುಳಿತು, ಸ್ಕ್ರೂಗಳನ್ನು ಅಂಗೈಯಲ್ಲಿಟ್ಟುಕೊಂಡು, ಒಟ್ಟು ಹನ್ನೊಂದು ಬಾರಿ “ಇದೇನಮ್ಮಾ?” ಎಂದು ಕೇಳಿರುತ್ತಾರೆ. ಮಗಳು ಒಂಬತ್ತಕ್ಕೆ ಉತ್ತರಿಸಿ, ಎರಡಕ್ಕೆ “ಗೊತ್ತಿಲ್ಲಪ್ಪ, ನೋಡೋಣ” ಎಂದಿರುತ್ತಾಳೆ. ಅಪ್ಪನವರು ಈ ಎರಡನೆಯ ಬಗೆಯ ಉತ್ತರದ ಬಗ್ಗೆ ಬಹಳ ಹೊತ್ತು ಯೋಚಿಸುತ್ತಿದ್ದುದು ಕಂಡುಬಂದಿದೆ.

೮. ಇನ್ನು ಮುಂದೆ ಮೂರು ತಿಂಗಳಿಗೊಮ್ಮೆ ಧೂಳು ತೆಗೆಯತಕ್ಕದ್ದು. ಫ್ಯಾನು ತಿರುಗದಂತೆ ಬೆರಳಲ್ಲಿ ಹಿಡಿದು ಮೆತ್ತಗೆ ಗುಡಿಸಬೇಕು, ಬಾಯಿಂದ ಊದಬಾರದು. ಶುಕ್ರವಾರ ಇದಕ್ಕೆ ಬಳಸಿದ ಅಪ್ಪನವರ ಶೇವಿಂಗ್ ಬ್ರಷ್ಷನ್ನು ವಿಭಾಗದ ಸ್ವತ್ತೆಂದು ಘೋಷಿಸಲಾಗಿದೆ. ಹೊಸದು ಬರುವವರೆಗೆ ಅಪ್ಪನವರು ಗಡ್ಡ ಬಿಡಬಹುದು.

೯. ಅದೇ ಸಂಜೆ ಕಂಪ್ಯೂಟರು ಐವತ್ತಮೂರು ನಿಮಿಷ ಆರದೆ ನಡೆದಿದೆ. ಬಸವನಹುಳು ಮೇಜು ದಾಟಿದೆ. ಸಿನಿಮಾವನ್ನು ಶನಿವಾರ ಬೆಳಿಗ್ಗೆ ಎಂಟು ಐವತ್ತಕ್ಕೆ ಶಾಲೆಗೆ ತಲುಪಿಸಲಾಗಿದೆ.

ಸಹಿ/-
ಅಮ್ಮ
ಮುಖ್ಯಸ್ಥೆ, ಗೃಹಯಂತ್ರ ಉಸ್ತುವಾರಿ ವಿಭಾಗ
(ಹೆಚ್ಚುವರಿ ಪ್ರಭಾರ: ಅಡುಗೆ, ಇಸ್ತ್ರಿ, ಹೋಂವರ್ಕು)

ಪ್ರತಿಗಳು:
ಅಜ್ಜಿಯವರಿಗೆ, ದಪ್ಪ ಅಕ್ಷರಗಳಲ್ಲಿ.
ಮೇಲಿನ ಮನೆಯ ಫ್ಯಾನ್ ರಿಪೇರಿಯವರಿಗೆ, ವಂದನೆಗಳೊಂದಿಗೆ, ಸದ್ಯಕ್ಕೆ ಸಾಕೆಂಬ ಕೋರಿಕೆಯೊಂದಿಗೆ.
ಟೇಬಲ್ ಫ್ಯಾನಿಗೆ, ನಿಯೋಜನೆ ರದ್ದಾಗಿದ್ದು, ಮಾತೃಕೋಣೆಯಾದ ಅಜ್ಜಿಯವರ ಕೋಣೆಯಲ್ಲಿ ಕರ್ತವ್ಯಕ್ಕೆ ಹಾಜರಾಗಲು.
ಬಸವನಹುಳುವಿಗೆ, ಊಟದ ಮೇಜನ್ನು ತೆರವುಗೊಳಿಸಲು.
ಅಪ್ಪನವರಿಗೆ ಮತ್ತು ಮಗಳಿಗೆ, ಇಬ್ಬರಿಗೂ ಸೇರಿ ಒಂದೇ ಪ್ರತಿ.
ಕಡತಕ್ಕೆ, ಈ ಷರಾದೊಂದಿಗೆ: ಉಲ್ಲೇಖ (೧)ರ ಭರವಸೆ ಈಡೇರಿಲ್ಲ. ಬಿಚ್ಚಿ ತೋರಿಸಿದ್ದು ಮಗಳು, ನೋಡಿದ್ದು ಅಪ್ಪ.